ಹತ್ತಕ್ಕೆ ಹದಿನೆಂಟರ ಕಾರ್ ಶೆಡ್ಡಿನಲ್ಲಿ ಬೈಕ್ ವರ್ಕ್‌ಶಾಪು: ಅಳತೆ, ಖರ್ಚು, ದಂಡ

ಜಾಗ: ಚಿಕ್ಕಮಗಳೂರು ಪಟ್ಟಣ ದಾಟಿ ಕೈಮರದ ಕಡೆ ಹೋಗುವ ದಾರಿಯ ಮನೆಯೊಂದರ ಕಾರ್ ಶೆಡ್ಡು. ಒಳ ಅಳತೆ 10 ಅಡಿ ಅಗಲ, 18 ಅಡಿ ಉದ್ದ. ಮೂರು ಕಡೆ ಇಟ್ಟಿಗೆ ಗೋಡೆ, ಮುಂದೆ ರೋಲಿಂಗ್ ಶಟರ್, ಮೇಲೆ ಮಂಗಳೂರು ಹೆಂಚು. ಅಂದಾಜು ಹಾಕಿಕೊಂಡದ್ದು 50,000 ರೂಪಾಯಿ. ಬೇಕಾಗಿದ್ದದ್ದು ಎರಡು ಬೈಕ್ ನಿಲ್ಲುವಷ್ಟು ಜಾಗ, ಮತ್ತೆ ಒಂದು ಎಂಜಿನ್ ಬಿಚ್ಚಿಟ್ಟು ಹದಿನೈದು ದಿನ ಬಿಟ್ಟರೂ ತುಕ್ಕು ಹಿಡಿಯದ ವ್ಯವಸ್ಥೆ. ಈ ಎರಡನೆಯದನ್ನು ಬಯಲುಸೀಮೆಯವರು ಲೆಕ್ಕಕ್ಕೇ ತೆಗೆದುಕೊಳ್ಳಬೇಕಿಲ್ಲ. ಇಲ್ಲಿ ಅದೇ ಮೊದಲ ಲೆಕ್ಕ. ಪಾನಾ ಸೆಟ್ಟು ಮೊದಲು ಕೊಂಡು ನೆಲ, ಗೋಡೆ ಆಮೇಲೆ ನೋಡೋಣ ಎಂದರೆ ಪಾನಾ ಸೆಟ್ಟನ್ನೇ ಎರಡು ಸಲ ಕೊಳ್ಳಬೇಕಾಗುತ್ತದೆ.

ಹಂತ 0. ನವೆಂಬರ್‌ನಿಂದ ಮುಂದಿನ ಜುಲೈ: ದಂಡವಾದ ಬಣ್ಣ

ಹಳೆ ಸಿಮೆಂಟ್ ನೆಲದ ಮೇಲೆ ಎರಡು ಡಬ್ಬಿ ಬೆರೆಸಿ ಹಚ್ಚುವ ಎಪಾಕ್ಸಿ ಬಣ್ಣ, ಎರಡು ಕೋಟು, 2,600 ರೂಪಾಯಿ. ಮೇ ತನಕ ಕನ್ನಡಿಯ ಹಾಗಿತ್ತು. ಮೃಗಶಿರ ಮಳೆ ಹಿಡಿದ ಎರಡೇ ವಾರಕ್ಕೆ ರಾಗಿ ಕಾಳಿನಷ್ಟು ಗುಳ್ಳೆ ಎದ್ದವು. ಆರಿದ್ರಾ ಮುಗಿಯುವ ಹೊತ್ತಿಗೆ ಅವು ಐದು ರೂಪಾಯಿ ನಾಣ್ಯದಷ್ಟಾದವು. ಸೆಂಟರ್ ಸ್ಟ್ಯಾಂಡ್ ಕಾಲು ಊರಿದ ಕಡೆ ಬಣ್ಣ ಹಪ್ಪಳದಂತೆ ಎದ್ದು ಬಂತು. ಗುಳ್ಳೆ ಒಡೆದರೆ ಒಳಗೆ ನೀರು.

ಬಣ್ಣದ ತಪ್ಪಲ್ಲ ಇದು. ಹಳೆ ನೆಲದ ಕೆಳಗೆ ಪ್ಲಾಸ್ಟಿಕ್ ಹಾಳೆ ಇಲ್ಲ, ಮಣ್ಣಿನ ತೇವ ನೇರ ಮೇಲಕ್ಕೆ ಬರುತ್ತದೆ. ಬಣ್ಣ ಅದನ್ನು ತಡೆದು ನಿಲ್ಲಿಸಿತು, ತೇವ ಬಣ್ಣವನ್ನು ಎತ್ತಿತು. ಪರೀಕ್ಷೆ ಸುಲಭ. ಎರಡು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಬರೀ ನೆಲಕ್ಕೆ ನಾಲ್ಕೂ ಅಂಚು ಟೇಪ್ ಹಾಕಿ ಅಂಟಿಸಿ ಒಂದು ಹಗಲು, ಒಂದು ರಾತ್ರಿ ಬಿಡಬೇಕು. ಹಾಳೆಯ ಒಳಮೈ ಬೆವರಿದ್ದರೆ, ಕೆಳಗಿನ ಸಿಮೆಂಟು ಕಪ್ಪಾಗಿದ್ದರೆ ತೇವ ಇದೆ ಎಂದರ್ಥ. ಇದನ್ನು ಜುಲೈನಲ್ಲಿ ಮಾಡಬೇಕು. ಫೆಬ್ರವರಿಯಲ್ಲಿ ಮಾಡಿದರೆ ಯಾವ ನೆಲವೂ ಪಾಸಾಗುತ್ತದೆ.

ಹಂತ 1. ಮಾರ್ಚ್ 9 ಮತ್ತು 10: ನೆಲ

ಜನವರಿಯಲ್ಲೇ ಮುಗಿಸುವ ಯೋಚನೆ ಇತ್ತು. ಕಾಫಿ ಕುಯ್ಲು ಮುಗಿಯುವ ತನಕ ಆಳು ಸಿಗಲಿಲ್ಲ. ಈ ಊರಿನಲ್ಲಿ ಡಿಸೆಂಬರ್‌ನಿಂದ ಫೆಬ್ರವರಿಗೆ ಗಾರೆ ಕೆಲಸ ಇಟ್ಟುಕೊಳ್ಳುವುದೇ ತಪ್ಪು.

ಹಳೆ ಬಣ್ಣವನ್ನು ಕೆರೆದು, ಗುಡಿಸಿ, ಮೇಲೆ 250 ಮೈಕ್ರಾನ್ ಪ್ಲಾಸ್ಟಿಕ್ ಹಾಳೆ ಹಾಸಿದ್ದಾಯಿತು. ಜೋಡಣೆ ಬರುವಲ್ಲಿ ಒಂದು ಅಡಿ ಒಂದರ ಮೇಲೊಂದು, ಗೋಡೆಗೆ ನಾಲ್ಕು ಇಂಚು ಮೇಲಕ್ಕೆ ಮಡಚು. ಅದರ ಮೇಲೆ 3 ಇಂಚು ಕಾಂಕ್ರೀಟು, ಸಿಮೆಂಟ್, ಮರಳು, ಜಲ್ಲಿ 1:2:4. ಹಾಳೆಯ ಮೇಲೆ ಹಾಕುವ ಕಾಂಕ್ರೀಟು ಹಳೆ ನೆಲಕ್ಕೆ ಕಚ್ಚಿಕೊಳ್ಳುವುದಿಲ್ಲ, ತನ್ನ ಕಾಲ ಮೇಲೆ ತಾನೇ ನಿಲ್ಲಬೇಕು. ಒಂದು ಇಂಚು, ಒಂದೂವರೆ ಇಂಚು ಹಾಕಿದರೆ ಒಣಗುವಾಗ ಮೂಲೆ ಮೇಲೆದ್ದು ಒಡೆಯುತ್ತದೆ.

180 ಚದರಡಿಗೆ ಹಿಡಿದ ಮಾಲು: ಸಿಮೆಂಟ್ 8 ಮೂಟೆ, 3,200 ರೂಪಾಯಿ. ಎಂ ಸ್ಯಾಂಡ್ 20 ಘನ ಅಡಿ, 1,200. 12 ಎಂಎಂ ಜಲ್ಲಿ 40 ಘನ ಅಡಿ, 2,000. ಪ್ಲಾಸ್ಟಿಕ್ ಹಾಳೆ 1,000. ಒಬ್ಬ ಮೇಸ್ತ್ರಿ, ಇಬ್ಬರು ಸಹಾಯಕರು, 2,800. ಒಟ್ಟು 10,200.

ಇಳಿಜಾರಿನ ಬಗ್ಗೆ ಮೇಸ್ತ್ರಿಗೆ ಮೊದಲೇ ಬಿಡಿಸಿ ಹೇಳಬೇಕು. ಅವರ ಅಭ್ಯಾಸ ಇಡೀ ನೆಲವನ್ನು ಬಾಗಿಲ ಕಡೆಗೆ ಇಳಿಸುವುದು. ಹಾಗೆ ಮಾಡಿದರೆ ಸೆಂಟರ್ ಸ್ಟ್ಯಾಂಡ್ ಹಾಕಿದ ಬೈಕು ಸದಾ ಮುಂದಕ್ಕೆ ವಾಲುತ್ತದೆ, ಮುಂಚಕ್ರ ಹಿಡಿದ ಫೋರ್ಕಿನ ಆಯಿಲ್ ಮಟ್ಟ ನೋಡುವುದಕ್ಕೂ ಆಗುವುದಿಲ್ಲ, ಬಿದ್ದ ಬೇರಿಂಗ್ ಗುಂಡು ಶಟರ್ ದಾಟಿ ರಸ್ತೆಗೇ ಹೋಗುತ್ತದೆ. ಹಿಂದಿನ 12 ಅಡಿ ರಸಮಟ್ಟ ಇಟ್ಟು ಸಪಾಟು, ಮುಂದಿನ 6 ಅಡಿಗೆ ಮಾತ್ರ ಒಟ್ಟು 1 ಇಂಚು ಇಳಿಜಾರು. ಪ್ರತಿ 6 ಅಡಿಗೆ ಅಡ್ಡ ಗೀರು, 20 ಎಂಎಂ ಆಳ. ಒಡೆಯುವುದಿದ್ದರೆ ಆ ಗೀರಿನಲ್ಲೇ ಒಡೆಯಲಿ. ಹತ್ತು ದಿನ ನೀರು ಕಟ್ಟಿದ್ದಾಯಿತು.

ಯಾರೂ ಯೋಚಿಸದೆ ಬಿಟ್ಟದ್ದು ಶಟರ್ ಬೀಗ. ನೆಲ ಬಾಗಿಲ ಬಳಿ 2 ಇಂಚು ಎದ್ದಿದ್ದರಿಂದ ಶಟರ್ ಅಷ್ಟು ಮೇಲೆಯೇ ನಿಂತುಬಿಟ್ಟಿತು, ಬೀಗದ ಕೊಂಡಿಗಳು ಒಂದಕ್ಕೊಂದು ಸೇರಲಿಲ್ಲ. ವೆಲ್ಡಿಂಗ್ ಮಾಡಿಸಿ ಕೊಂಡಿ ಮೇಲೆತ್ತಲು 400 ರೂಪಾಯಿ, ಎರಡು ರಾತ್ರಿ ಬೀಗವಿಲ್ಲದ ಶೆಡ್ಡು. ಈ ಸಲ ನೆಲಕ್ಕೆ ಬಣ್ಣ ಹಚ್ಚಿಲ್ಲ. ಎಣ್ಣೆ ಬಿದ್ದರೆ ಮರದ ಮಿಲ್ಲಿನ ಹೊಟ್ಟು ಚೆಲ್ಲಿ ಗುಡಿಸುವುದು. ಕಾಫಿ ಬೀಜ ಹಸನು ಮಾಡುವ ಕ್ಯೂರಿಂಗ್ ವರ್ಕ್ಸಿನಿಂದ ಕಾಫಿ ಹೊಟ್ಟು ಪುಕ್ಕಟೆ ಸಿಗುತ್ತದೆಂದು ಅದನ್ನೂ ನೋಡಿದ್ದಾಯಿತು. ಎಣ್ಣೆ ಹೀರುವುದು ಕಡಿಮೆ, ಗಾಳಿಗೆ ಹಾರುವುದು ಜಾಸ್ತಿ. ಎಣ್ಣೆ ಹೀರಿದ ಹೊಟ್ಟು ಮುಚ್ಚಳದ ತಗಡಿನ ಡಬ್ಬಿಗೆ, ಮೂಲೆಯಲ್ಲಿ ರಾಶಿ ಹಾಕುವಂತಿಲ್ಲ.

ಹಂತ 2. ಮಾರ್ಚ್ 28: ಕರೆಂಟು, ಬೆಳಕು

ಇದ್ದದ್ದು ಮನೆಯಿಂದ ಎಳೆದ ಒಂದು 5 ಆಂಪ್ ಪಾಯಿಂಟು. ಮೇನ್ ಬೋರ್ಡಿನಿಂದ ಬೇರೆಯೇ ಲೈನ್ ಎಳೆಸಿದ್ದಾಯಿತು. ಫೇಸ್, ನ್ಯೂಟ್ರಲ್ 4 ಎಂಎಂ ವೈರು 36 ಮೀಟರ್, ಅರ್ಥಿಂಗ್ 2.5 ಎಂಎಂ 18 ಮೀಟರ್. ಶೆಡ್ಡಿನೊಳಗೆ ಪುಟ್ಟ ಬೋರ್ಡು, ಅದರಲ್ಲಿ 25 ಆಂಪ್, 30 ಮಿಲಿ ಆಂಪ್‌ನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಬೀಳುವ ಸ್ವಿಚ್ಚು), ಸಾಕೆಟ್‌ಗೆ 16 ಆಂಪ್ ಎಂಸಿಬಿ (ಕರೆಂಟು ಮಿತಿ ಮೀರಿದರೆ ಬೀಳುವ ಸ್ವಿಚ್ಚು), ದೀಪಕ್ಕೆ 10 ಆಂಪ್ ಎಂಸಿಬಿ. 16 ಆಂಪ್ ಸಾಕೆಟ್ ನಾಲ್ಕು. ಎಲೆಕ್ಟ್ರಿಷಿಯನ್ ಕೂಲಿ 1,500 ಸೇರಿ 9,470.

ಸಾಕೆಟ್ಟೆಲ್ಲ ನೆಲದಿಂದ 4 ಅಡಿ ಮೇಲೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಕಾರ್ಬುರೇಟರ್ ಖಾಲಿ ಮಾಡಿದಾಗ ಅದು ನೆಲದ ಮೇಲೆ ಹರಡಿ ನಿಲ್ಲುತ್ತದೆ. ಸ್ವಿಚ್ಚಿನ ಕಿಡಿ ಅಲ್ಲಿರಬಾರದು. ಇದೇ ಕಾರಣಕ್ಕೆ ಪೆಟ್ರೋಲ್ ಇಳಿಸುವ ಕೆಲಸ ಶಟರ್ ಪೂರ್ತಿ ಎತ್ತಿಯೇ ಮಾಡುವುದು. ಹಿಂಗೋಡೆಗೆ 9 ಇಂಚಿನ ಎಕ್ಸಾಸ್ಟ್ ಫ್ಯಾನ್ 1,450, ಬಾಗಿಲ ಪಕ್ಕ ಬೆಂಕಿ ಆರಿಸುವ 2 ಕೆಜಿ ಎಬಿಸಿ ಪೌಡರ್ ಸಿಲಿಂಡರ್ 1,300. ಸಿಲಿಂಡರ್ ಬೆಂಚಿನ ಮೇಲಲ್ಲ, ಬಾಗಿಲ ಪಕ್ಕ. ಬೆಂಕಿ ಹತ್ತಿದಾಗ ಕಾಲು ಹೋಗುವುದು ಬಾಗಿಲ ಕಡೆಗೇ. ಫ್ಯಾನ್ ಇದೆಯೆಂದು ಶಟರ್ ಹಾಕಿಕೊಂಡು ಎಂಜಿನ್ ಓಡಿಸಬಾರದು. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ದೀಪ: 4 ಅಡಿಯ 20 ವ್ಯಾಟ್ ಎಲ್‌ಇಡಿ ಬ್ಯಾಟನ್ ನಾಲ್ಕು, 1,120. ನಡುವೆ ಒಂದೇ ಸಾಲು ಹಾಕಿದರೆ ಬೈಕಿನ ಮೇಲೆ ಬಗ್ಗಿದವರ ತಲೆಯ ನೆರಳು ಎಂಜಿನ್ ಮೇಲೆಯೇ ಬೀಳುತ್ತದೆ. ಬೈಕ್ ನಿಲ್ಲುವ ಗೆರೆಯಿಂದ ಎಡಕ್ಕೂ ಬಲಕ್ಕೂ ಎರಡೂವರೆ ಅಡಿ ಬಿಟ್ಟು ಎರಡು ಸಾಲು. ಹಗಲಿಗೆ ಎರಡು ಗಾಜಿನ ಹೆಂಚು, 550. ಈ ಇಡೀ ಪಟ್ಟಿಯಲ್ಲಿ ಕೊಟ್ಟ ದುಡ್ಡಿಗೆ ಇಷ್ಟು ಬೆಲೆ ಬಂದದ್ದು ಬೇರೊಂದಿಲ್ಲ. ಮ್ಯಾಗ್ನೆಟ್ ಇರುವ ಚಾರ್ಜಬಲ್ ಲೈಟು 650.

ಜೂನ್‌ನಲ್ಲಿ ಸೇರಿಸಿದ ಟಿಪ್ಪಣಿ: ಆರ್‌ಸಿಸಿಬಿ ದಿನಾ ರಾತ್ರಿ ಬೀಳತೊಡಗಿತು, ಬೆಳಿಗ್ಗೆ ಎತ್ತಿದರೆ ನಿಲ್ಲುತ್ತಿತ್ತು. ಸಾಕೆಟ್, ಕಂಪ್ರೆಸರ್ ಎಲ್ಲ ಬಿಚ್ಚಿ ನೋಡಿದರೂ ಸಿಗಲಿಲ್ಲ. ಕಡೆಗೆ ಸಿಕ್ಕಿದ್ದು ಶಟರ್ ಮೇಲಿನ ಹೊರಗಿನ ಬಲ್ಬಿನಲ್ಲಿ. ಅದಕ್ಕೆ ಹೋಗುವ ಪೈಪು ಮೇಲಿನಿಂದ ಹೋಲ್ಡರ್ ಬಾಕ್ಸಿಗೆ ಇಳಿಯುತ್ತಿತ್ತು. ಪೈಪಿನ ಮೇಲೆ ಹರಿದ ಮಳೆನೀರು ನೇರ ಬಾಕ್ಸಿನೊಳಕ್ಕೆ. ರಾತ್ರಿ ಬಲ್ಬ್ ಹಾಕಿದೊಡನೆ ಲೀಕು. ಪೈಪನ್ನು ಕೆಳಗಿನಿಂದ ಬಾಕ್ಸಿಗೆ ಹತ್ತುವಂತೆ ತಿರುಗಿಸಿದ ಮೇಲೆ ಸರಿಹೋಯಿತು. ಆರ್‌ಸಿಸಿಬಿ ಪದೇ ಪದೇ ಬೀಳುತ್ತದೆ ಎಂದು ಅದನ್ನೇ ತೆಗೆದು ನೇರ ಕೊಡಿಸುವವರಿದ್ದಾರೆ. ಒದ್ದೆ ನೆಲದ ಮೇಲೆ ನಿಂತು ಗ್ರೈಂಡರ್ ಹಿಡಿಯುವ ಜಾಗದಲ್ಲಿ ಆ ಮಾತೇ ಬೇಡ.

ಹಂತ 3. ಏಪ್ರಿಲ್: ಬೆಂಚು, ವೈಸು

ಬೆಂಚಿನ ಅಳತೆ 6 ಅಡಿ ಉದ್ದ, 2 ಅಡಿ ಅಗಲ, 34 ಇಂಚು ಎತ್ತರ. ಗುಜರಿಯಲ್ಲಿ 40×40×5 ಆಂಗ್ಲರ್ (ಎಲ್ ಆಕಾರದ ಕಬ್ಬಿಣದ ಪಟ್ಟಿ) ಕೆಜಿಗೆ 48ರಂತೆ ಸಿಕ್ಕಿತು. ಮೇಲೊಂದು, ಕೆಳಗೊಂದು ಚೌಕಟ್ಟು, ನಾಲ್ಕು ಕಾಲು ಸೇರಿ 43 ಅಡಿ ಹಿಡಿಯಿತು. ತೂಕ 40 ಕೆಜಿ, 1,920 ರೂಪಾಯಿ. ವೆಲ್ಡಿಂಗ್ 1,200. ಗುಜರಿ ಆಂಗ್ಲರ್ ಕೊಳ್ಳುವಾಗ ಮೂಲೆಯ ಒಳಮೈ ಸುತ್ತಿಗೆಯಲ್ಲಿ ತಟ್ಟಿ ನೋಡಬೇಕು. ಪದರ ಪದರವಾಗಿ ತುಕ್ಕು ಉದುರಿದರೆ 5 ಎಂಎಂ ಎಂದು ಕೊಟ್ಟದ್ದು 3 ಉಳಿದಿರುತ್ತದೆ.

ಮೇಲ್ಹಲಗೆಯಲ್ಲಿ ತಪ್ಪಾಯಿತು. ತೋಟದ ನೆರಳಿನ ಸಿಲ್ವರ್ ಓಕ್ ಅಗ್ಗವೆಂದು 8 ಇಂಚು ಅಗಲ, ಒಂದೂವರೆ ಇಂಚು ದಪ್ಪದ ಮೂರು ಹಲಗೆಯನ್ನು ಮಿಲ್ಲಿನಿಂದ ತಂದು ಮಾರನೆಯ ದಿನವೇ ಬೋಲ್ಟ್ ಹಾಕಿದ್ದಾಯಿತು. 1,050 ರೂಪಾಯಿ. ಆರು ವಾರಕ್ಕೆ ಮೂರರಲ್ಲಿ ಎರಡು ದೋಣಿಯ ಹಾಗೆ ಬಾಗಿದವು, ನಡುವೆ 6 ಎಂಎಂ ತಗ್ಗು. ಹಸಿ ಹಲಗೆ. ಅದನ್ನು ನಡುನಡುವೆ ಪಟ್ಟಿ ಕೊಟ್ಟು ಪೇರಿಸಿ, ಮೇಲೆ ಕಲ್ಲು ಹೇರಿ, ನೆರಳಿನಲ್ಲಿ ಕನಿಷ್ಠ ಮೂರು ತಿಂಗಳು ಒಣಗಿಸಬೇಕಿತ್ತು. ಹಲಗೆ ತೆಗೆದು 18 ಎಂಎಂ ವಾಟರ್‌ಪ್ರೂಫ್ ಪ್ಲೈವುಡ್ 1,200ಕ್ಕೆ, ಅದರ ಮೇಲೆ 22 ಗೇಜ್ ಜಿಐ ತಗಡು 900ಕ್ಕೆ. ಮುಂದಿನ ಅಂಚಿನಲ್ಲಿ ತಗಡನ್ನು ಕೆಳಕ್ಕೆ ಮಡಚಿದೆ, ಹಿಂದಿನ ಅಂಚಿನಲ್ಲಿ ಒಂದು ಇಂಚು ಮೇಲಕ್ಕೆ. ಹಿಂದೆ ಉರುಳಿದ ವಾಷರ್ ಗೋಡೆ ಸಂದಿಗೆ ಬೀಳುವುದಿಲ್ಲ.

ವೈಸು, ಅಂದರೆ ಸಾಮಾನನ್ನು ಕಚ್ಚಿ ಹಿಡಿಯುವ ಬೆಂಚಿನ ಇಕ್ಕಳ, 5 ಇಂಚಿನದು, ಗುಜರಿಯಲ್ಲಿ 1,300. ಹಳೆ ವೈಸು ಕೊಳ್ಳುವಾಗ ಹಿಡಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಬೇಕು. ಹಿಡಿ ಕಾಲು ಸುತ್ತು ತಿರುಗಿದರೂ ದವಡೆ ಅಲುಗದಿದ್ದರೆ ಒಳಗಿನ ನಟ್ಟು ಸವೆದಿದೆ, ಬಿಟ್ಟುಬಿಡಿ. ವೈಸನ್ನು ಬೆಂಚಿನ ನಡುವೆ ಕೂರಿಸಬಾರದು, ಕಾಲಿನ ನೆತ್ತಿಯ ಮೇಲೆ ಕೂರಿಸಬೇಕು. ನಡುವೆ ಕೂತರೆ ಸುತ್ತಿಗೆಯ ಪ್ರತಿ ಏಟಿಗೂ ಇಡೀ ಬೆಂಚು ಕುಣಿಯುತ್ತದೆ. ದವಡೆಗೆ ಅಲ್ಯೂಮಿನಿಯಂ ಆಂಗ್ಲರ್ ತುಂಡಿನ ಹೊದಿಕೆ. ಅದಿಲ್ಲದೆ ಫೋರ್ಕ್ ಪೈಪು ಹಿಡಿದರೆ ಆಯಿಲ್ ಸೀಲು ಆಮೇಲೆ ಸೋರುತ್ತಲೇ ಇರುತ್ತದೆ.

ಹಂತ 4. ಮೇ: ಟೂಲ್ಸು

ಒಟ್ಟು 12,670. ಪೂರ್ತಿ ಪಟ್ಟಿ ಬೇಡ, ಜಗಳ ಬರುವ ಮೂರು ಸಾಮಾನಿನ ಮಾತಷ್ಟೇ.

ಸಾಕೆಟ್ ಸೆಟ್ಟು: ಆರು ಮೂಲೆಯದು. ಹನ್ನೆರಡು ಮೂಲೆಯದು ತುಕ್ಕು ಹಿಡಿದ ಬೋಲ್ಟಿನ ತಲೆಯನ್ನು ಗುಂಡಗೆ ಮಾಡುತ್ತದೆ. ಬೈಕಿಗೆ ದಿನಾ ಬೇಕಾಗುವುದು 8, 10, 12, 14, 17, 19 ಎಂಎಂ. 8, 10, 12ಕ್ಕೆ ಟಿ ಪಾನಾ ಬೇರೆ ಇರಲಿ, ಅರ್ಧ ಕೆಲಸ ಅದರಲ್ಲೇ ಆಗುತ್ತದೆ. ಸ್ಪಾರ್ಕ್ ಪ್ಲಗ್ಗಿಗೆ 16, 18, 21 ಮೂರೂ ಬೇಕು. 10 ಎಂಎಂ ಮರೆಯ (ತಿರುಪಿನ ಸುತ್ತಿನ) ಪ್ಲಗ್ಗಿಗೆ 16, 12ಕ್ಕೆ 18, 14ಕ್ಕೆ 21.

ಸ್ಕ್ರೂಡ್ರೈವರ್: ಜಪಾನಿ ಮೂಲದ ಬೈಕುಗಳ ಪ್ಲಸ್ ಸ್ಕ್ರೂ ನೋಡಲು ಫಿಲಿಪ್ಸ್ ಥರ, ಆದರೆ ಅದು ಜೆಐಎಸ್, ಅಂದರೆ ಜಪಾನಿನದೇ ಮಾನಕ. ಎಷ್ಟೋ ಸ್ಕ್ರೂ ತಲೆಯ ಮೇಲೆ ಸಣ್ಣ ಚುಕ್ಕಿ ಇರುತ್ತದೆ, ಅದೇ ಗುರುತು. ಮಾಮೂಲಿ ಸ್ಕ್ರೂಡ್ರೈವರ್ ತುದಿ ಅದರ ತಳ ಮುಟ್ಟುವುದಿಲ್ಲ, ಬಲ ಹಾಕಿದೊಡನೆ ಮೇಲೆ ಜಾರಿ ತಲೆ ಸವೆಯುತ್ತದೆ. ಕಾರ್ಬುರೇಟರ್ ಬೌಲ್ ಸ್ಕ್ರೂ, ಎಂಜಿನ್ ಕವರ್ ಸ್ಕ್ರೂ ಕೆಡುವುದು ಹೀಗೇ. ಜೆಐಎಸ್ ಎರಡು ಸೈಜು 700 ರೂಪಾಯಿ, ಸುತ್ತಿಗೆಯಲ್ಲಿ ಹೊಡೆದು ತಿರುಗಿಸುವ ಇಂಪ್ಯಾಕ್ಟ್ ಡ್ರೈವರ್ 480.

ಟಾರ್ಕ್ ರೆಂಚ್, ಅಂದರೆ ಇಟ್ಟ ಬಿಗಿಗೆ ಬಂದೊಡನೆ ಕ್ಲಿಕ್ ಎನ್ನುವ ಪಾನಾ: ಇಲ್ಲಿ ನನ್ನದು ಶುದ್ಧ ಪೆದ್ದುತನ. ಅರ್ಧ ಇಂಚಿನದು, 40ರಿಂದ 210 ನ್ಯೂಟನ್ ಮೀಟರ್, 1,900ಕ್ಕೆ ಸಿಕ್ಕಿತೆಂದು ತಂದದ್ದು. ಅದು ಕಾರಿನ ಚಕ್ರಕ್ಕೆ. ಬೈಕಿನಲ್ಲಿ 6 ಎಂಎಂ ಬೋಲ್ಟಿಗೆ 10ರಿಂದ 12, 8 ಎಂಎಂಗೆ 20ರಿಂದ 25 ಸಾಕು. ಎಂಜಿನ್ ಆಯಿಲ್ ಇಳಿಸುವ ಡ್ರೈನ್ ಬೋಲ್ಟಿಗೆ ಮ್ಯಾನ್ಯುಯಲ್ ಹೇಳಿದ್ದು 25, ರೆಂಚಿನ ಕನಿಷ್ಠ 40. ಸ್ವಲ್ಪ ಜಾಸ್ತಿಯಾದರೇನು ಎಂದು 40ಕ್ಕೇ ಇಟ್ಟು ಎಳೆದಾಯಿತು. ಬಿಗಿಯಾಗುತ್ತಾ ಬಂದ ಬೋಲ್ಟು ಒಂದು ಕ್ಷಣ ಬೆಣ್ಣೆಯಲ್ಲಿ ತಿರುಗಿದಂತೆ ಮೆತ್ತಗಾಯಿತು, 'ಕ್ಲಿಕ್' ಬರಲೇ ಇಲ್ಲ. ಬಿಚ್ಚಿದರೆ ಬೋಲ್ಟಿನ ಮರೆಗೆ ಸ್ಪ್ರಿಂಗಿನಂತೆ ಸುತ್ತಿಕೊಂಡಿದ್ದ ಅಲ್ಯೂಮಿನಿಯಂ, ಅಂದರೆ ಎಂಜಿನ್ನಿನ ಕೆಳಕವಚವಾದ ಕ್ರ್ಯಾಂಕ್‌ಕೇಸಿನ ಮರೆ. ಲೇತಿನವರ ಹತ್ತಿರ ಹೆಲಿಕಾಯಿಲ್ (ಹೋದ ಮರೆಯ ಜಾಗಕ್ಕೆ ಕೂರಿಸುವ ತಂತಿ ಸುರುಳಿ) ಹಾಕಿಸಲು 700. ಈಗ ಇರುವುದು ಮೂರು ಎಂಟನೇ ಇಂಚಿನದು, 5ರಿಂದ 60 ನ್ಯೂಟನ್ ಮೀಟರ್, 2,700. ಕೆಲಸ ಮುಗಿದ ಮೇಲೆ ಕನಿಷ್ಠ ಗೆರೆಗೆ ಇಳಿಸಿಡಬೇಕು, ಇಲ್ಲದಿದ್ದರೆ ಒಳಗಿನ ಸ್ಪ್ರಿಂಗು ಸೋಲುತ್ತದೆ.

ಹಂತ 5. ಮೇ 20: ಕಂಪ್ರೆಸರ್

1 ಎಚ್‌ಪಿ, 24 ಲೀಟರ್ ಟ್ಯಾಂಕು, ಪೈಪು ಸೇರಿ 6,200. ಸದ್ದು ಹೊರಗಿರಲಿ ಎಂದು ಹಿಂದಿನ ಜಗಲಿಯಲ್ಲಿಟ್ಟು 15 ಮೀಟರ್ ಎಕ್ಸ್‌ಟೆನ್ಷನ್ ಎಳೆದಾಯಿತು, 650. ಬೆಳಿಗ್ಗೆ ಓಡಿತು. ಸಂಜೆ ಏಳರ ಹೊತ್ತಿಗೆ 'ಗುಂಯ್' ಎಂದು ನಿಂತಿತು, ತಿರುಗಲಿಲ್ಲ. ಮೂರನೇ ದಿನ ಮೋಟಾರಿನ ಕೆಪಾಸಿಟರ್ ಉಬ್ಬಿ ಹೋಯಿತು, 180. ಮಲ್ಟಿಮೀಟರ್ ಹಿಡಿದರೆ ಸಂಜೆ ಸಾಕೆಟ್ಟಿನಲ್ಲಿ 190 ವೋಲ್ಟ್. ಎಕ್ಸ್‌ಟೆನ್ಷನ್ ವೈರು ಮುಕ್ಕಾಲು ಎಂಎಂ ಮಾತ್ರ. ಮೋಟಾರು ಶುರುವಾಗುವಾಗ ಎಳೆಯುವ ಕರೆಂಟು ಓಡುವಾಗಿನದಕ್ಕಿಂತ ಹಲವು ಪಟ್ಟು, ಸಪೂರ ವೈರಿನಲ್ಲಿ ಉಳಿದ ವೋಲ್ಟೇಜೂ ಸೋರಿಹೋಗುತ್ತದೆ. ಕಂಪ್ರೆಸರನ್ನು ಒಳಗೆ 16 ಆಂಪ್ ಸಾಕೆಟ್ ಪಕ್ಕದಲ್ಲೇ, ನೆಲದಿಂದ ಎರಡು ಅಡಿ ಎತ್ತರದ ಹಲಗೆಯ ಮೇಲಿಟ್ಟ ಮೇಲೆ ತೊಂದರೆ ಬಂದಿಲ್ಲ. ಉದ್ದ ಬೇಕಿದ್ದರೆ ಗಾಳಿ ಪೈಪು ಉದ್ದ ಮಾಡಬೇಕು, ವೈರನ್ನಲ್ಲ.

ಟ್ಯಾಂಕಿನ ತಳದ ಡ್ರೈನ್ ತಿರುಪನ್ನು ಪ್ರತಿ ಸಲ ಕೆಲಸವಾದ ಮೇಲೆ ಬಿಚ್ಚಬೇಕು. ಜುಲೈನಲ್ಲಿ ಒಂದು ವಾರ ಮರೆತದ್ದಕ್ಕೆ ಅರ್ಧ ಲೋಟ ಕೆಂಪು ನೀರು ಬಂತು. ಬ್ರೇಕ್ ಡ್ರಮ್ಮಿನ ಧೂಳನ್ನು ಗಾಳಿಯಲ್ಲಿ ಊದಬಾರದು, ಹಳೆ ಬ್ರೇಕ್ ಶೂಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯುವುದು.

ಹಂತ 6. ಜುಲೈ, ಪುನರ್ವಸು ಮಳೆ: ತುಕ್ಕು

ಟೂಲ್ಸನ್ನೆಲ್ಲ ಕಣ್ಣಿಗೆ ಕಾಣುವಂತೆ ಗೋಡೆಗೆ ಹಲಗೆ ಹೊಡೆದು ಮೊಳೆಗೆ ನೇತುಹಾಕಿದ್ದಾಗಿತ್ತು. ಚಿತ್ರದಲ್ಲಿ ಚೆಂದ. ಆದರೆ ಅದು ಪಶ್ಚಿಮದ ಗೋಡೆ, ಮಳೆ ಬಡಿಯುವುದೇ ಅದಕ್ಕೆ. ಮೂರು ವಾರಕ್ಕೆ ಕ್ರೋಮ್ ಇಲ್ಲದ ಸಾಮಾನೆಲ್ಲ ಕಂದು. ಸಣ್ಣ ಸಂದು ಅಳೆಯುವ ಫೀಲರ್ ಗೇಜಿನ ಎಲೆಗಳು ಒಂದಕ್ಕೊಂದು ಅಂಟಿದವು.

ಗುಜರಿಯಿಂದ ಹಳೆ ಕಬ್ಬಿಣದ ಅಲ್ಮೇರಾ, 2,500. ಪೂರ್ವದ ಗೋಡೆಗೆ ಎರಡು ಇಂಚು ಬಿಟ್ಟು, ಕೆಳಗೆ ಇಟ್ಟಿಗೆ ಕೊಟ್ಟು ನಿಲ್ಲಿಸಿದ್ದಾಯಿತು. ಕೆಳ ಅರೆಯಲ್ಲಿ ಪಿಂಗಾಣಿ ಹೋಲ್ಡರಿಗೆ 40 ವ್ಯಾಟಿನ ಹಳೆ ಕಾಲದ ತಂತಿ ಬಲ್ಬು, ಸುತ್ತ ಜಾಲರಿ, 180. ಎಲ್‌ಇಡಿ ಬಲ್ಬು ಇದಕ್ಕಾಗದು, ಬೇಕಾಗಿರುವುದು ಬೆಳಕಲ್ಲ, ಬಿಸಿ. ಅರೆಗಳಲ್ಲೂ ನೆತ್ತಿಯಲ್ಲೂ ಬೆರಳು ಗಾತ್ರದ ತೂತುಗಳು. ಒಲೆ ಮೇಲಿನ ಅಟ್ಟದಲ್ಲಿ ಮೆಣಸು, ವಾಟೆಹುಳಿ ಮಳೆಗಾಲ ಪೂರ್ತಿ ಕೆಡದೆ ಇರುವುದು ಯಾಕೋ, ಅದೇ ಲೆಕ್ಕ. ದಿನವಿಡೀ ಉರಿದರೆ ಸುಮಾರು ಒಂದು ಯೂನಿಟ್. ರಾತ್ರಿ ಮಾತ್ರ ಹಾಕುವುದು ಸಾಕಾಯಿತು. ಈ ಅಲ್ಮೇರಾದೊಳಗೆ ಪೆಟ್ರೋಲ್, ಥಿನ್ನರ್, ಸ್ಪ್ರೇ ಡಬ್ಬಿ ಯಾವುದೂ ಇರಕೂಡದು.

ತುಕ್ಕು ಬಾರದಿರಲಿ ಎಂದು ಬಳಸಿ ತೆಗೆದ ಎಂಜಿನ್ ಆಯಿಲ್ ಹಚ್ಚುವವರು ಜಾಸ್ತಿ. ಅದರಲ್ಲಿ ಉರಿದ ಪೆಟ್ರೋಲಿನ ಆಮ್ಲ, ನೀರು ಸೇರಿರುತ್ತದೆ. ಹೊಸ ಆಯಿಲ್ಲೇ ಒಂದು ಬಟ್ಟೆಗೆ ನಾಲ್ಕು ಹನಿ ಸಾಕು. ಹಳೆ ಆಯಿಲನ್ನು 20 ಲೀಟರ್ ಕ್ಯಾನಿನಲ್ಲಿ ಕೂಡಿಟ್ಟು ತೆಗೆದುಕೊಂಡು ಹೋಗುವವರಿಗೆ ಕೊಡುವುದು. ಮೋರಿಗೆ ಸುರಿದದ್ದು ಕೆರೆಗೋ ಯಗಚಿಗೋ ಹೋಗಿ ಸೇರುತ್ತದೆ.

ಹಂತ 7. ಆಗಸ್ಟ್: ಬೈಕ್ ಎತ್ತರಿಸುವ ಕಟ್ಟೆ

ಬಾಗಿ ಹೋಗಿದ್ದ ಸಿಲ್ವರ್ ಓಕ್ ಹಲಗೆಗಳು ಅಷ್ಟರಲ್ಲಿ ಒಣಗಿದ್ದವು. ರಂದ ಹೊಡೆಸಿ 6 ಅಡಿ ಉದ್ದ, 2 ಅಡಿ ಅಗಲ, 14 ಇಂಚು ಎತ್ತರದ ಕಟ್ಟೆ. ಗುಜರಿ ಆಂಗ್ಲರ್ 25 ಕೆಜಿ 1,200, ಬೋಲ್ಟು 140, ರ್‍ಯಾಚೆಟ್ ಬೆಲ್ಟ್ ಜೊತೆ 350. ಬೋಲ್ಟ್ ಹಾಕಿದ ಚೌಕಟ್ಟು ಅಡ್ಡಡ್ಡ ಅಲುಗುತ್ತದೆ, ನಾಲ್ಕೂ ಕಡೆ ಮೂಲೆಯಿಂದ ಮೂಲೆಗೆ ಪಟ್ಟಿ ಬೇಕೇ ಬೇಕು. ಸ್ಪ್ಲೆಂಡರ್ 112 ಕೆಜಿ, ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಆದರೆ 195. ಆ ಭಾರದ ಹೆಚ್ಚು ಪಾಲು ಸೆಂಟರ್ ಸ್ಟ್ಯಾಂಡಿನ ಎರಡು ಕಾಲಿನ ಮೇಲೆ ಬಂದು ಮೊದಲ ದಿನವೇ ಮೆತ್ತನೆ ಹಲಗೆಯಲ್ಲಿ ಗುಳಿ ಬಿತ್ತು. ಒಂದೂವರೆ ಅಡಿಗೆ ಒಂದು ಅಡಿಯ 3 ಎಂಎಂ ಪ್ಲೇಟು ಕೂರಿಸಿದ ಮೇಲೆ ನಿಂತಿತು, 160.

ಹತ್ತಿಸಲು ಕಾಫಿ ಮೂಟೆ ಲಾರಿಗೆ ಏರಿಸುವ ಹಳೆ ಹಲಗೆ, 7 ಅಡಿ ಉದ್ದ, ಪುಕ್ಕಟೆ. ಮಾಡದೆ ಬಿಟ್ಟದ್ದು ಒಂದಿತ್ತು. ಬೈಕು ಹಲಗೆಯ ಮೇಲೆ ಹತ್ತುವಾಗ ತಳ್ಳುವವರ ಕಾಲು ನೆಲದ ಮೇಲೇ ಇರುತ್ತದೆ, ಹ್ಯಾಂಡಲ್ ಎದೆಯ ಎತ್ತರಕ್ಕೆ ಹೋಗುತ್ತದೆ, ಮುಕ್ಕಾಲು ದಾರಿಯಲ್ಲಿ ಕೈಯಲ್ಲಿ ಬಲವೇ ಉಳಿಯುವುದಿಲ್ಲ. ಎಡಗಡೆಗೆ ಕಾಲಿಡಲು ಇನ್ನೊಂದು ಹಲಗೆ ಬೇಕು. ಅದು ಸಿಗುವ ತನಕ ಇಬ್ಬರಿಲ್ಲದೆ ಹತ್ತಿಸುವಂತಿಲ್ಲ. ಬೈಕಿನ ಮುಂಭಾಗವನ್ನು ಹಗ್ಗ ಕಟ್ಟಿ ಪಕಾಸಿಗೆ ನೇತುಹಾಕುವ ಯೋಚನೆಯನ್ನು ಮೇಸ್ತ್ರಿಯೇ ಬೇಡವೆಂದರು. ಹೆಂಚಿನ ಮಾಡಿನ ಪಕಾಸು ಹೆಂಚು ಹೊರಲಿಕ್ಕೆ, ಬೈಕು ಹೊರಲಿಕ್ಕಲ್ಲ.

ಆಗಸ್ಟ್ 31ರ ಲೆಕ್ಕ

ಉಪಯೋಗಕ್ಕೆ ಬಂದ ಖರ್ಚು 56,110. ದಂಡಕ್ಕೆ ಹೋದದ್ದು ಎಪಾಕ್ಸಿ 2,600, ಕಾರಿನ ಟಾರ್ಕ್ ರೆಂಚ್ 1,900, ಹೆಲಿಕಾಯಿಲ್ 700, ಎಕ್ಸ್‌ಟೆನ್ಷನ್ 650, ಕೆಪಾಸಿಟರ್ 180, ಒಟ್ಟು 6,030. ಎಲ್ಲ ಸೇರಿ 62,140.

ಬಾಕಿ: ಎಡಗಡೆಯ ಹಲಗೆ. ಶಟರ್ ಹೊರಗೆ 6 ಇಂಚಿನ ಚರಂಡಿ, ಆಶ್ಲೇಷ ಮಳೆಯ ಒಂದು ರಾತ್ರಿ ರಸ್ತೆ ನೀರು ಶಟರ್ ಕೆಳಗಿನಿಂದ ಎರಡು ಅಡಿ ಒಳಗೆ ಬಂದಿತ್ತು. ಅದಕ್ಕೆ ಮೇಸ್ತ್ರಿ ಬರುವುದು ಕುಯ್ಲಿಗೆ ಮೊದಲು, ನವೆಂಬರ್‌ನಲ್ಲಿ.